ಬೂಷ್ಟಿಗೆ ಎದುರಾಳಿ

ಕ್ರೇಟಿನಲ್ಲಿ ಒಂದು ಟೊಮೇಟೊ ಕೊಳೆತರೆ ಮೂರನೆಯ ದಿನಕ್ಕೆ ನೆರೆಯವೂ ಕೊಳೆಯುವುದನ್ನು ಕಾಣದ ಒಕ್ಕಲು ನಮ್ಮ ಕೋಲಾರದ ಸೀಮೆಯಲ್ಲಿ ಇರಲಾರದು. ನಮ್ಮ ಮನೆಯಲ್ಲಿ ಅವನ್ನು ಆರಿಸಿ ಎಸೆಯುವ ಕೆಲಸ ನನ್ನ ಪಾಲಿನದು. ಮಂಡಿಯಲ್ಲಿ ಬೆಲೆ ಬಿದ್ದ ದಿನ ‘ಎರಡು ದಿನ ತಡೆಯೋಣ’ ಎಂದು ತಂದೆಯವರು ಹೇಳುತ್ತಾರೆ, ಬೂಷ್ಟು ತಡೆಯಗೊಡುವುದಿಲ್ಲ.

ಈ ಬೂಷ್ಟುಗಳಲ್ಲಿ ಹೆಸರಾದದ್ದು ಬೊಟ್ರೈಟಿಸ್ ಸಿನೇರಿಯ. ಸಿನೇರಿಯ ಎಂದರೆ ಲ್ಯಾಟಿನ್ನಿನಲ್ಲಿ ಬೂದಿಬಣ್ಣದ್ದು. ಅದರ ಬೀಜಕಣಗಳು ಗಾಳಿಯಲ್ಲಿ ಹಾರಿಬಂದು ತೊಟ್ಟು ಕಿತ್ತ ಕಲೆಯ ಮೇಲೋ ಉಗುರು ತಾಕಿದ ಗಾಯದ ಮೇಲೋ ಕೂರುತ್ತವೆ. ಅಲ್ಲಿ ಒಸರುವ ಸಿಹಿರಸವೇ ಅವುಗಳ ಮೊದಲ ಆಹಾರ. ಶೀತಲಗೃಹದಲ್ಲಿ ಇಡಬಾರದೇ ಎಂದು ಕೇಳುವಿರಿ. ಸೊನ್ನೆ ಡಿಗ್ರಿಯ ಹತ್ತಿರದಲ್ಲಿಯೂ ಈ ಬೂಷ್ಟು ನಿಧಾನವಾಗಿ ಬೆಳೆಯಬಲ್ಲದು. ಟೊಮೇಟೊ ಕಾಯಿಯಾದರೋ ೧೦ ಡಿಗ್ರಿಗಿಂತ ಕೆಳಗೆ ಬಹಳ ದಿನ ಇಟ್ಟರೆ ಸರಿಯಾಗಿ ಹಣ್ಣಾಗದೆ ಕೆಡುತ್ತದೆ. ಔಷಧಿ ಹೊಡೆದರೆ ತಿನ್ನುವವನ ಹೊಟ್ಟೆಗೂ ಅಷ್ಟಿಷ್ಟು ಹೋದೀತು. ಮೇಲಾಗಿ ಬೂಷ್ಟು ಅದಕ್ಕೆ ಒಗ್ಗಿಹೋಗುತ್ತದೆ.

ಇಲ್ಲಿ ನೆರವಿಗೆ ಬರುವುದು ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಬ್ಯಾಕ್ಟೀರಿಯ. ಮಣ್ಣಿನಲ್ಲಿ, ಒಣಹುಲ್ಲಿನಲ್ಲಿ ಎಲ್ಲೆಲ್ಲಿಯೂ ಇರುವ ಇದಕ್ಕೆ ಈಗಿನ ಹೆಸರನ್ನಿಟ್ಟವನು ಫರ್ಡಿನೆಂಡ್ ಕೋನ್, ೧೮೭೨ರಲ್ಲಿ. ಇದರ ಗಟ್ಟಿಕಣಗಳು ಕುದಿನೀರಿನಲ್ಲಿಯೂ ಸಾಯುವುದಿಲ್ಲ. ಜಪಾನಿನವರು ಸೋಯಾ ಕಾಳನ್ನು ಹುಳಿಯಿಸಿ ತಿನ್ನುವ ನಾಟ್ಟೊ ಇದರದೇ ಒಂದು ಬಗೆಯ ಕೈಚಳಕ. ಗಾಯದ ಮೇಲೆ ಇದನ್ನು ಮೊದಲೇ ಕೂರಿಸಿದರೆ ಅಲ್ಲಿನ ಜಾಗವನ್ನೂ ಆಹಾರವನ್ನೂ ತಾನೇ ಆಕ್ರಮಿಸುತ್ತದೆ. ಅಷ್ಟೇ ಅಲ್ಲ, ಇಟೂರಿನ್, ಫೆಂಜೈಸಿನ್ ಎಂಬ ಕೊಬ್ಬು ಬೆರೆತ ಪದಾರ್ಥಗಳನ್ನು ಸ್ರವಿಸಿ ಬೂಷ್ಟಿನ ಜೀವಕೋಶದ ಪೊರೆಯನ್ನೇ ತೂತುಮಾಡುತ್ತದೆ. (ಇಟೂರಿ ಎಂಬುದು ಕಾಂಗೋ ದೇಶದ ಒಂದು ಪ್ರಾಂತ, ಅಲ್ಲಿನ ಮಣ್ಣಿನ ಬ್ಯಾಕ್ಟೀರಿಯದಿಂದ ಈ ಹೆಸರು ಬಂತು. ಭೂಗೋಳದ ವಿದ್ಯಾರ್ಥಿಗಳಿಗೆ ಇದು ರುಚಿಸಬಹುದು.) ೧೯೮೪ರಲ್ಲಿ ಅಮೆರಿಕದ ಪ್ಯೂಸಿ ಮತ್ತು ವಿಲ್ಸನ್ ಎಂಬ ವಿಜ್ಞಾನಿಗಳು ಕೊಯ್ದ ಪೀಚ್ ಹಣ್ಣುಗಳ ಕಂದುಕೊಳೆತವನ್ನು ಈ ಬ್ಯಾಕ್ಟೀರಿಯದಿಂದ ತಡೆದು ತೋರಿಸಿದರು. ಮುಂದೆ ಟೊಮೇಟೊ ಮುಂತಾದ ಹಣ್ಣುಗಳ ಮೇಲೂ ಇಂಥ ಪ್ರಯೋಗಗಳು ನಡೆದವು.

ಇದನ್ನು ಓದಿದ ಹುರುಪಿನಲ್ಲಿ ನಾನೂ ಒಣಹುಲ್ಲನ್ನು ನೀರಿನಲ್ಲಿ ಕುದಿಸಿ, ಎರಡು ದಿನ ಬಿಟ್ಟು, ಕೆನೆಗಟ್ಟಿದ ಆ ನೀರಿನಲ್ಲಿ ಒಂದು ಬುಟ್ಟಿ ಹಣ್ಣು ಅದ್ದಿದೆ. ಎಲ್ಲವೂ ಕೊಳೆತವು! ನಮ್ಮ ಸಸ್ಯಶಾಸ್ತ್ರದ ಅಧ್ಯಾಪಕರು ನಕ್ಕು ಕೇಳಿದರು: “ಹಣ್ಣು ಎಂದು ಕೊಯ್ದದ್ದು?” ಮೂರು ದಿನದ ಹಿಂದೆ ಎಂದೆ. ಒಳಹೊಕ್ಕ ಬೂಷ್ಟನ್ನು ಹೊರಗೆ ಅಟ್ಟುವ ಶಕ್ತಿ ಈ ಬ್ಯಾಕ್ಟೀರಿಯಕ್ಕೆ ಇಲ್ಲ; ಇದು ಕಾವಲುಗಾರನೇ ಹೊರತು ವೈದ್ಯನಲ್ಲ. ಅಲ್ಲದೆ ನನ್ನ ಕಷಾಯದಲ್ಲಿ ಇನ್ನೇನೇನು ಜೀವಿಗಳಿದ್ದವೋ! ಪ್ರಯೋಗಶಾಲೆಯಲ್ಲಿ ಒಂದೇ ತಳಿಯನ್ನು ಶುದ್ಧವಾಗಿ ಬೆಳೆಸಿ, ಎಣಿಸಿ ಹಾಕುತ್ತಾರೆ.

ಈ ಸಲ ಅಧ್ಯಾಪಕರು ಶುದ್ಧ ತಳಿಯೊಂದನ್ನು ಬೆಳೆಸಿಕೊಡಲು ಒಪ್ಪಿದ್ದಾರೆ. ಕೊಯ್ದ ದಿನವೇ ತೋಟದ ಬದಿಯಲ್ಲಿ ಎರಡು ಕ್ರೇಟು ಬೇರೆಯಿಟ್ಟು, ಒಂದನ್ನು ಅದ್ದಿ, ಇನ್ನೊಂದನ್ನು ಬರಿಯ ನೀರಿನಲ್ಲಿ ಅದ್ದಿ ನೋಡುವೆನು. ಆ ಹಣ್ಣುಗಳನ್ನು ಸಾರಿಗೆ ಹಾಕಕೂಡದೆಂದು ತಾಯಿಯವರಿಗೆ ಈಗಲೇ ಹೇಳಿಟ್ಟಿದ್ದೇನೆ.