ಅರೆತಲೆನೋವಿನ ವೇಳಾಪಟ್ಟಿ

ಇಪ್ಪತ್ತು ವರ್ಷಗಳಿಗೂ ಹಿಂದಿನ ಮಾತು. ಅರಸೀಕೆರೆಯಿಂದ ಶಾಲಾ ಮಕ್ಕಳ ಒಂದು ದಿನದ ಪ್ರವಾಸ ಹೊರಟಿತ್ತು. ಮೂರನೆಯ ತರಗತಿಯಲ್ಲಿದ್ದ ನನ್ನ ಮಗಳೂ ಗುಂಪಿನಲ್ಲಿದ್ದಳು. ಮಕ್ಕಳನ್ನು ನೋಡಿಕೊಳ್ಳಲು ಒಪ್ಪಿಕೊಂಡ ತಾಯಂದಿರಲ್ಲಿ ನಾನೂ ಒಬ್ಬಳು. ಬೇಲೂರು ಮುಗಿಸಿ ಮಧ್ಯಾಹ್ನ ಹಳೇಬೀಡಿಗೆ ಬಂದೆವು. ಹೊಯ್ಸಳೇಶ್ವರ ದೇವಾಲಯದ ಗೋಡೆಯ ಬುಡದಲ್ಲಿರುವ ಆನೆಗಳ ಸಾಲನ್ನು ತೋರಿಸುತ್ತಿದ್ದಾಗ ಒಂದು ಆನೆಯ ತಲೆ ಇದ್ದಕ್ಕಿದ್ದಂತೆ ಕಾಣದಾಯಿತು. ಕಣ್ಣುಜ್ಜಿಕೊಂಡೆ. ತಲೆ ಮರಳಲಿಲ್ಲ, ಬದಲಿಗೆ ಆ ಖಾಲಿ ಜಾಗದ ಬಲ ಅಂಚಿನಲ್ಲಿ ಬೆಳ್ಳಿಯಂತೆ ಮಿನುಗುವ ಅಂಕುಡೊಂಕಾದ ಗೆರೆಯೊಂದು ಹುಟ್ಟಿಕೊಂಡಿತು. ದೇವಾಲಯದ ಜಗತಿಯ ಅಂಚು ಹೇಗೆ ಒಳಕ್ಕೂ ಹೊರಕ್ಕೂ ಮುರಿಯುತ್ತಾ ಸಾಗುತ್ತದೆಯೋ ಹಾಗೆಯೇ ಇತ್ತು ಆ ಗೆರೆ. ಬಿಸಿಲಿನಲ್ಲಿ ಕಲ್ಲನ್ನೇ ದಿಟ್ಟಿಸಿದ್ದರ ಫಲವಾಗಿ ಕಣ್ಣಿನಲ್ಲಿ ಉಳಿದ ಬಿಂಬವಿರಬೇಕೆಂದು ಮೊದಲು ಎಣಿಸಿದೆ. ಆದರೆ ಅಂಥ ಬಿಂಬ ಬೇಗ ಮಾಸುತ್ತದೆ. ಇದು ಬೆಳೆಯುತ್ತಿತ್ತು.

ಭೌತವಿಜ್ಞಾನ ಪಾಠ ಮಾಡುವವರಿಗೆ ಎಂಥ ಸಂದರ್ಭದಲ್ಲೂ ಪ್ರಯೋಗ ಮಾಡುವ ಚಟ. ಎಡಗಣ್ಣು ಮುಚ್ಚಿದೆ, ಗೆರೆ ಇತ್ತು. ಬಲಗಣ್ಣು ಮುಚ್ಚಿದೆ, ಆಗಲೂ ಇತ್ತು, ಅದೂ ಬಲಬದಿಯಲ್ಲೇ. ಎರಡನ್ನೂ ಮುಚ್ಚಿದರೂ ಕತ್ತಲಲ್ಲಿ ಮಿನುಗುತ್ತಲೇ ಇತ್ತು. ದೋಷ ಒಂದು ಕಣ್ಣಿನದಾಗಿದ್ದರೆ ಆ ಕಣ್ಣು ಮುಚ್ಚಿದಾಗ ಇನ್ನೊಂದಕ್ಕೆ ಕಾಣಬಾರದಿತ್ತು. ಎರಡೂ ಕಣ್ಣುಗಳ ದೃಶ್ಯದ ಬಲ ಅರ್ಧ ಒಟ್ಟುಗೂಡುವುದು ಮಿದುಳಿನ ಎಡ ಅರ್ಧದ ಹಿಂಭಾಗದಲ್ಲಿ. ಹಾಗಾದರೆ ನಾನು ನೋಡುತ್ತಿದ್ದುದು ಕಣ್ಣಿನ ಮುಂದಿರುವುದನ್ನಲ್ಲ, ತಲೆಯ ಹಿಂದಿರುವುದನ್ನು! ಕೈಗಡಿಯಾರ ನೋಡಿದೆ. ಸುಮಾರು 25 ನಿಮಿಷದಲ್ಲಿ ಗೆರೆ ದೊಡ್ಡ ಕಮಾನಾಗಿ ಬಲ ಅಂಚಿನಾಚೆ ಜಾರಿಹೋಯಿತು.

ಬಸ್ಸು ಜಾವಗಲ್ ದಾಟುವ ಹೊತ್ತಿಗೆ ಎಡಗಣ್ಣಿನ ಹಿಂದೆ ನೋವು ಮಿಡಿಯತೊಡಗಿತು. ಮಾತ್ರೆ ಪರ್ಸಿನಲ್ಲೇ ಇತ್ತು. ಮಕ್ಕಳನ್ನು ಮನೆ ಮುಟ್ಟಿಸಿ, ಅಡುಗೆ ಮುಗಿಸಿ, ಎಲ್ಲರ ಊಟವಾದ ಮೇಲೆ ನುಂಗಿದರಾಯಿತು ಎಂದುಕೊಂಡೆ. ರಾತ್ರಿ ಒಂಬತ್ತಕ್ಕೆ ನುಂಗಿದ ಮಾತ್ರೆ ಹತ್ತು ನಿಮಿಷದಲ್ಲಿ ವಾಂತಿಯಾಗಿ ಹೊರಬಂತು. ಎರಡು ದಿನ ಕತ್ತಲ ಕೋಣೆ ಬಿಟ್ಟು ಏಳಲಾಗಲಿಲ್ಲ. ಆ ಮಾತ್ರೆ ಏಕೆ ಕೆಲಸ ಮಾಡಲಿಲ್ಲ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ನನಗೆ ಬಹಳ ತಡವಾಗಿ. ನಾನು ವೈದ್ಯಳಲ್ಲ, ಆದರೂ ಆ ಉತ್ತರ ಎಲ್ಲ ಶಿಕ್ಷಕಿಯರಿಗೂ ತಿಳಿದಿರಬೇಕು ಎನಿಸಿ ಬರೆಯುತ್ತಿದ್ದೇನೆ.

ಅರೆತಲೆನೋವು ಅಥವಾ ಮೈಗ್ರೇನ್ ಉಳ್ಳವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಇಂಥ ಮುನ್ಸೂಚನೆ ಕಾಣಿಸುತ್ತದೆ. ಇದಕ್ಕೆ ಆರಾ ಎಂದು ಹೆಸರು. ಇದನ್ನು ಮೊದಲು ಶ್ರದ್ಧೆಯಿಂದ ದಾಖಲಿಸಿದವರಲ್ಲಿ ನಮ್ಮ ಪಠ್ಯಪುಸ್ತಕಗಳ ಪರಿಚಿತರೇ ಇದ್ದಾರೆ ಎಂಬುದು ಸಂತೋಷದ ಸಂಗತಿ. ದೂರದರ್ಶಕದಲ್ಲಿ ನಕ್ಷತ್ರ ಬಿಂದುವಾಗಿ ಕಾಣದೆ ಬಿಲ್ಲೆಯಾಗಿ ಕಾಣುವುದನ್ನು ವಿವರಿಸಿದ ಜಾರ್ಜ್ ಏರಿ 1865ರಲ್ಲಿ ತಮಗೆ ಕಾಣುತ್ತಿದ್ದ ಆರಾದ ಬಗ್ಗೆ ಬರೆದರು. ಅವರ ಮಗ, ವೈದ್ಯ ಹ್ಯೂಬರ್ಟ್ ಏರಿ, 1870ರಲ್ಲಿ ಅದರ ಬೆಳವಣಿಗೆಯ ಸೊಗಸಾದ ಚಿತ್ರಗಳನ್ನೇ ಬಿಡಿಸಿ ಪ್ರಕಟಿಸಿದರು. ಅವರಿಗೆ ಈ ಗೆರೆ ಕೊತ್ತಳಗಳಿರುವ ಕೋಟೆಯ ಗೋಡೆಯಂತೆ ಕಂಡಿತ್ತು. ಅಂಥ ಕೋಟೆಯನ್ನು ನೋಡಲು ಹಾಸನ ಜಿಲ್ಲೆಯವರು ಯೂರೋಪಿಗೆ ಹೋಗಬೇಕಿಲ್ಲ. ಸಕಲೇಶಪುರದ ಬಳಿ ಟಿಪ್ಪು ಸುಲ್ತಾನ್ 1792ರಲ್ಲಿ ಕಟ್ಟಿಸಿದ ಮಂಜರಾಬಾದ್ ಕೋಟೆ ಅದೇ ಮಾದರಿಯ ನಕ್ಷತ್ರಾಕಾರದ್ದು.

1941ರಲ್ಲಿ ಕಾರ್ಲ್ ಲ್ಯಾಶ್ಲೆ ಎಂಬ ಅಮೆರಿಕದ ಮನೋವಿಜ್ಞಾನಿ ಇದಕ್ಕೊಂದು ಲೆಕ್ಕ ಹಾಕಿದರು. ಪ್ರತಿ ಬಾರಿ ಆರಾ ಬಂದಾಗಲೂ ಕಾಗದದ ಮೇಲಿನ ಒಂದು ಚುಕ್ಕೆಯನ್ನು ದಿಟ್ಟಿಸುತ್ತಾ, ಗೆರೆಯ ಸ್ಥಾನವನ್ನು ಆಗಾಗ ಗುರುತಿಸುತ್ತಾ ಹೋದರು. ದೃಷ್ಟಿಯ ಕೇಂದ್ರವನ್ನೂ ಅಂಚನ್ನೂ ಪ್ರತಿನಿಧಿಸುವ ಮಿದುಳಿನ ಭಾಗಗಳ ನಡುವಣ ದೂರವನ್ನು ಅದು ತೆಗೆದುಕೊಂಡ ಸಮಯದಿಂದ ಭಾಗಿಸಿದಾಗ, ಮಿದುಳಿನ ಹೊರಪದರದಲ್ಲಿ ಏನೋ ಒಂದು ನಿಮಿಷಕ್ಕೆ ಸುಮಾರು 3 ಮಿಲಿಮೀಟರ್ ವೇಗದಲ್ಲಿ ಸರಿಯುತ್ತಿದೆ ಎಂದು ತಿಳಿಯಿತು. ನರದ ಸಂಕೇತಗಳು ಸೆಕೆಂಡಿಗೆ ಹತ್ತಾರು ಮೀಟರ್ ಓಡಬಲ್ಲವು. ಇದು ಬಸವನಹುಳುವಿಗಿಂತಲೂ ನಿಧಾನ. 1944ರಲ್ಲಿ ಬ್ರೆಜಿಲಿನ ಅರಿಸ್ತಿದಿಸ್ ಲಿಯಾವ್ ಮೊಲದ ಮಿದುಳಿನ ಮೇಲೆ ಹರಡುವ ಒಂದು ಅಲೆಯನ್ನು ಪ್ರಕಟಿಸಿದರು. ಅಲೆಯ ಮುಂಚೂಣಿಯಲ್ಲಿ ನರಕೋಶಗಳು ಕ್ಷಣಕಾಲ ಉದ್ರೇಕಗೊಂಡು, ಅದು ಹಾದುಹೋದ ಮೇಲೆ ಕೆಲವು ನಿಮಿಷ ಸ್ತಬ್ಧವಾಗುತ್ತವೆ. ವೇಗ ಅದೇ, ನಿಮಿಷಕ್ಕೆ 3 ಮಿಲಿಮೀಟರಿನ ಆಸುಪಾಸು! ಉದ್ರೇಕವೇ ಮಿನುಗುವ ಗೆರೆ, ಸ್ತಬ್ಧತೆಯೇ ಆನೆಯ ತಲೆ ಮಾಯವಾದ ಖಾಲಿ ಜಾಗ. 2001ರಲ್ಲಿ ಎಂಆರ್‌ಐ ಯಂತ್ರದಿಂದ ಮನುಷ್ಯನ ಮಿದುಳಿನಲ್ಲೇ, ಆರಾ ನಡೆಯುತ್ತಿರುವಾಗಲೇ, ಇಂಥ ಅಲೆಯ ಜಾಡನ್ನು ದಾಖಲಿಸಲಾಯಿತು. ಅಂದ ಹಾಗೆ, ಗೆರೆ ಅಂಚಿನತ್ತ ಹೋದಂತೆ ವೇಗ ಹೆಚ್ಚಿದಂತೆ ತೋರುತ್ತದೆ. ದೃಷ್ಟಿಗೆ ಮೀಸಲಾದ ಹೊರಪದರದ ಸುಮಾರು ಅರ್ಧ ಭಾಗ ನೋಟದ ನಡುವಿನ 10 ಡಿಗ್ರಿಗೇ ಸಂದಿದೆ. ಅಲೆಯ ವೇಗ ಬದಲಾಗುವುದಿಲ್ಲ, ನಕ್ಷೆಯ ಅಳತೆಗೋಲು ಬದಲಾಗುತ್ತದೆ.

ಇನ್ನು ನೋವು. ಮಿದುಳಿಗೆ ನೋವಿನ ಅರಿವಿಲ್ಲ. ಅದನ್ನು ಸುತ್ತಿರುವ ಪೊರೆಗೂ ಅದರ ರಕ್ತನಾಳಗಳಿಗೂ ಇದೆ. ಅವುಗಳ ಸುದ್ದಿ ಒಯ್ಯುವುದು ಮುಖಕ್ಕೂ ಶಾಖೆ ಚಾಚಿರುವ ಟ್ರೈಜೆಮಿನಲ್ ನರ. ದಾಳಿಯ ಹೊತ್ತಿನಲ್ಲಿ ಈ ನರದ ತುದಿಗಳಿಂದ ಸಿಜಿಆರ್‌ಪಿ ಎಂಬ ಪೆಪ್ಟೈಡ್ ಸ್ರವಿಸಿ ನೋವಿನ ಹಾದಿಯನ್ನು ಕೆರಳಿಸುತ್ತದೆ. ಈ ಹಾದಿಯನ್ನು ಬಿಡಿಸಿಟ್ಟ ನಾಲ್ವರು ವಿಜ್ಞಾನಿಗಳಿಗೆ 2021ರ ಬ್ರೈನ್ ಪ್ರಶಸ್ತಿ ಸಂದಿತು. ಚಿಕಿತ್ಸೆ ಪಡೆಯದಿದ್ದರೆ ಈ ನೋವು 4ರಿಂದ 72 ಗಂಟೆ ಇರುತ್ತದೆ. ಸಾಮಾನ್ಯವಾಗಿ ಒಂದು ಬದಿ, ಮಿಡಿತ, ನಡೆದಾಡಿದರೆ ಹೆಚ್ಚಳ, ವಾಕರಿಕೆ, ಬೆಳಕು ಮತ್ತು ಸದ್ದು ಸಹಿಸಲಾಗದಿರುವುದು ಇದರ ಲಕ್ಷಣಗಳು.

ಈಗ ನನ್ನ ಮಾತ್ರೆಯ ಪ್ರಶ್ನೆ. ದಾಳಿ ಬಲಿಯುತ್ತಿದ್ದಂತೆ ಜಠರದ ಚಲನೆ ಮಂದವಾಗುತ್ತದೆ. ಮಾತ್ರೆಯ ಔಷಧಿ ಹೆಚ್ಚಾಗಿ ರಕ್ತಕ್ಕೆ ಸೇರುವುದು ಜಠರದಲ್ಲಲ್ಲ, ಸಣ್ಣ ಕರುಳಿನಲ್ಲಿ. ಜಠರದ ಬಾಗಿಲು ದಾಟದ ಮಾತ್ರೆ ನುಂಗಿದರೂ ನುಂಗದಂತೆಯೇ. ಎರಡನೆಯದಾಗಿ, ಟ್ರೈಜೆಮಿನಲ್ ನರದ ಸತತ ಸಂಕೇತಗಳಿಂದ ಒಂದೆರಡು ಗಂಟೆಯಲ್ಲಿ ಮಿದುಳಿನ ಒಳಗಿನ ನರಕೋಶಗಳೇ ಅತಿಸಂವೇದಿಗಳಾಗುತ್ತವೆ. ಆಗ ತಲೆ ಬಾಚಿದರೂ ನೋವು, ಓಲೆ ಭಾರ, ಕನ್ನಡಕ ಭಾರ, ಬಿಗಿದ ಜಡೆಯನ್ನು ಬಿಚ್ಚಿಹಾಕುವ ತನಕ ಸಮಾಧಾನವಿಲ್ಲ. ಈ ಹಂತ ತಲುಪಿದ ಮೇಲೆ 1990ರ ದಶಕದಲ್ಲಿ ಬಂದ ಟ್ರಿಪ್ಟಾನ್‌ಗಳಂಥ ವಿಶೇಷ ಔಷಧಿಗಳ ಪರಿಣಾಮವೂ ಕುಗ್ಗುತ್ತದೆ. ನೋವು ಇನ್ನೂ ಸಣ್ಣದಿರುವಾಗ, ಮೊದಲ ಒಂದು ಗಂಟೆಯೊಳಗೆ, ಸರಿಯಾದ ಪ್ರಮಾಣದಲ್ಲಿ ತೆಗೆದುಕೊಂಡ ಮಾತ್ರೆಗೂ ರಾತ್ರಿ ಒಂಬತ್ತರ ಮಾತ್ರೆಗೂ ಇರುವ ವ್ಯತ್ಯಾಸ ಇದು. ವಾಕರಿಕೆ ಹೆಚ್ಚಿರುವವರಿಗೆ ವೈದ್ಯರು ಅದನ್ನು ತಡೆದು ಜಠರವನ್ನು ಚಲಿಸುವಂತೆ ಮಾಡುವ ಔಷಧಿಯನ್ನೂ ಜೊತೆಗೆ ಕೊಡುವುದುಂಟು.

ನಮ್ಮ ಮನೆಗಳಲ್ಲಿ ತಾಯಿ ಮಾಡುವುದು ಇದಕ್ಕೆ ಸರಿಯಾಗಿ ವಿರುದ್ಧವಾದುದನ್ನು. ಎಲ್ಲರ ಡಬ್ಬಿ ಕಟ್ಟಿ, ಶಾಲೆಯ ಗಂಟೆ ಬಾರಿಸಿದ ಮೇಲೆ, ತಡೆಯಲಾಗದಿದ್ದರೆ ಮಾತ್ರೆ. ಇದನ್ನು ಸಹನೆ ಎಂದು ಹೊಗಳುವವರಿದ್ದಾರೆ. ನನ್ನ ದೃಷ್ಟಿಯಲ್ಲಿ ಇದು ಹತ್ತು ನಿಮಿಷ ಉಳಿಸಲು ಎರಡು ದಿನ ಕಳೆಯುವ ಲೆಕ್ಕ.

ಇದು ಕೆಲವರ ಸಮಸ್ಯೆಯಲ್ಲ. ಬೆಂಗಳೂರು ಮತ್ತು ಸುತ್ತಲಿನ ಗ್ರಾಮಾಂತರದಲ್ಲಿ 18ರಿಂದ 65 ವರ್ಷದ 2,329 ಜನರನ್ನು ಮನೆಮನೆಗೆ ಹೋಗಿ ವಿಚಾರಿಸಿದ ಸಮೀಕ್ಷೆ 2015ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಹಿಂದಿನ ಒಂದು ವರ್ಷದಲ್ಲಿ ನಾಲ್ವರಲ್ಲಿ ಒಬ್ಬರಿಗೆ ಅರೆತಲೆನೋವು ಬಂದಿತ್ತು. ಹೆಂಗಸರಲ್ಲಿ ಹೆಚ್ಚು, ಅದು ನಿರೀಕ್ಷಿತ. ಆದರೆ ಪಟ್ಟಣದವರಿಗಿಂತ ಹಳ್ಳಿಯವರಲ್ಲಿ ಹೆಚ್ಚು! ಇದು ಓದು, ನೌಕರಿ, ಟಿ.ವಿ.ಗಳಿಂದ ಬರುವ ಕಾಯಿಲೆ ಎನ್ನುವ ನಮ್ಮ ಹಿರಿಯರಿಗೆ ಈ ಅಂಕಿಯನ್ನು ತೋರಿಸಬೇಕು. ಹೆಂಗಸರಲ್ಲಿ ಹೆಚ್ಚಿರಲು ಒಂದು ಕಾರಣ ಈಸ್ಟ್ರೊಜೆನ್. ಮುಟ್ಟಿಗೆ ಮುಂಚೆ ಅದರ ಮಟ್ಟ ಥಟ್ಟನೆ ಇಳಿಯುವಾಗ ಹಲವರಿಗೆ ದಾಳಿ ಬರುತ್ತದೆ. ಮುಟ್ಟು ನಿಂತ ಮೇಲೆ ಬಹುಮಂದಿಗೆ ಕಡಿಮೆಯಾಗುತ್ತದೆ. ನನಗೂ ಹಾಗೆಯೇ ಆಗಿದೆ.

ಬೇಗ ನುಂಗಬೇಕೆಂದರೆ ಅಡಿಗಡಿಗೆ ನುಂಗಬಹುದೆಂದಲ್ಲ. ಪ್ಯಾರಸಿಟಮಾಲ್, ಐಬುಪ್ರೊಫೆನ್‌ಗಳಂಥ ಸಾದಾ ಮಾತ್ರೆಗಳನ್ನು ತಿಂಗಳಿಗೆ 15 ದಿನ, ಟ್ರಿಪ್ಟಾನ್, ಅರ್ಗಟ್ ಅಥವಾ ಹಲವು ಔಷಧಿ ಬೆರೆತ ಮಾತ್ರೆಗಳನ್ನು 10 ದಿನ, ಹೀಗೆ ಮೂರು ತಿಂಗಳಿಗೂ ಹೆಚ್ಚು ಕಾಲ ತೆಗೆದುಕೊಂಡರೆ ಮಾತ್ರೆಯೇ ನಿತ್ಯದ ತಲೆನೋವಿಗೆ ಕಾರಣವಾಗುತ್ತದೆ. ಅಂಗಡಿಯಲ್ಲಿ ಬಿಡಿಯಾಗಿ ಸಿಗುವ ಮಾತ್ರೆಗೆ ಲೆಕ್ಕ ಇಡುವವರಾರು? ಗೋಡೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕ ಬರೆಯುವ ಜಾಗದಲ್ಲೇ, ನೋವಿನ ದಿನಕ್ಕೊಂದು ಮತ್ತು ಮಾತ್ರೆಯ ದಿನಕ್ಕೊಂದು ಗುರುತು ಹಾಕಿದರೆ ಸಾಕು. ಮುಟ್ಟಿನ ದಿನ, ಉಪವಾಸದ ದಿನಗಳನ್ನೂ ಅಲ್ಲೇ ಗುರುತಿಸಿದರೆ ಆರು ತಿಂಗಳಲ್ಲಿ ನಿಮ್ಮ ದಾಳಿಗಳ ವೇಳಾಪಟ್ಟಿ ಬಹುಪಾಲು ಕಣ್ಣಿಗೆ ಬೀಳುತ್ತದೆ. ನಾಲ್ಕಾರು ದಿನಕ್ಕೊಮ್ಮೆ ದಾಳಿ ಬರುವವರಿಗೆ ನಿತ್ಯ ತೆಗೆದುಕೊಳ್ಳುವ ತಡೆ ಔಷಧಿಗಳಿವೆ. ಈ ಕ್ಯಾಲೆಂಡರನ್ನೇ ವೈದ್ಯರಿಗೆ ತೋರಿಸಬಹುದು.

ಪ್ರಚೋದಕಗಳ ಪಟ್ಟಿ ಉದ್ದವಾದುದು. ತಾಯಂದಿರಿಗೆ ಸಂಬಂಧಿಸಿದ ಎರಡನ್ನು ಮಾತ್ರ ಹೇಳುತ್ತೇನೆ. ಒಂದು, ಹಸಿವು. ಎಲ್ಲರದೂ ಆದ ಮೇಲೆ ಹನ್ನೊಂದಕ್ಕೆ ತಿಂಡಿ, ಏಕಾದಶಿ, ಹಬ್ಬದ ದಿನ ಪೂಜೆ ಮುಗಿಯುವವರೆಗೆ ಕಾಫಿಯೂ ಇಲ್ಲ. ನಿತ್ಯ ಕಾಫಿ ಕುಡಿಯುವವರಲ್ಲಿ ಕೆಫೀನ್ ತಪ್ಪಿದರೆ ಅದೇ ಪ್ರತ್ಯೇಕವಾಗಿ ತಲೆನೋವು ತರಬಲ್ಲದು. ಇನ್ನೊಂದು, ತಲೆಸ್ನಾನ. ಪಾಶ್ಚಾತ್ಯ ಪುಸ್ತಕಗಳಲ್ಲಿ ಇದರ ಪ್ರಸ್ತಾಪ ಕಡಿಮೆ. ಮುಂಬಯಿಯ ಡಾ. ಕೆ. ರವಿಶಂಕರ್ 2006ರಲ್ಲಿ, ತಲೆಗೆ ನೀರು ಹಾಕಿಕೊಂಡರೆ ಅರೆತಲೆನೋವು ಬರುವ 94 ಮಂದಿ ಭಾರತೀಯ ರೋಗಿಗಳ ಬಗ್ಗೆ ವರದಿ ಮಾಡಿದರು. ಶುಕ್ರವಾರ ಎಣ್ಣೆಸ್ನಾನ ಮಾಡಿ ಒದ್ದೆ ಜಡೆಯಲ್ಲೇ ಶಾಲೆಗೆ ಓಡುವ ಶಿಕ್ಷಕಿಯರಿಗೆ ಇದು ಹೊಸ ಸುದ್ದಿಯೇನಲ್ಲ.

ಇಲ್ಲಿ ಒಂದು ಲೆಕ್ಕ ಮಾಡದೆ ಇರಲಾರೆ. ಉದ್ದ ಕೂದಲು ಹಿಡಿದಿಟ್ಟುಕೊಂಡ 50 ಗ್ರಾಂ ನೀರು ಒಂದು ಗಂಟೆಯಲ್ಲಿ ಆರುತ್ತದೆ ಎಂದುಕೊಳ್ಳಿ. ದೇಹದ ಉಷ್ಣತೆಯ ಆಸುಪಾಸಿನಲ್ಲಿ ನೀರಿನ ಬಾಷ್ಪೀಕರಣದ ಗುಪ್ತೋಷ್ಣ ಗ್ರಾಮಿಗೆ ಸುಮಾರು 2,400 ಜೂಲ್. ಅಂದರೆ 1,20,000 ಜೂಲ್. 3,600 ಸೆಕೆಂಡಿಗೆ ಹಂಚಿದರೆ ಸುಮಾರು 33 ವಾಟ್. ವಿಶ್ರಾಂತಿಯಲ್ಲಿರುವ ಇಡೀ ದೇಹ ಉತ್ಪಾದಿಸುವ ಉಷ್ಣವೇ 100 ವಾಟ್‌ನ ಸುಮಾರು. ಈ 33 ವಾಟ್‌ನಲ್ಲಿ ಬಹುಪಾಲು ಸುತ್ತಲ ಗಾಳಿಯಿಂದ ಬರುತ್ತದೆ, ನಿಜ. ಉಳಿದ ಪಾಲು ಬರುವುದು ನೆತ್ತಿಯಿಂದಲೇ. ಈ ತಂಪೇ ದಾಳಿಗೆ ಕಾರಣವೆಂದು ಲೆಕ್ಕ ಸಾಧಿಸುವುದಿಲ್ಲ. ಆದರೆ ಕೂದಲನ್ನು ಚೆನ್ನಾಗಿ ಒರೆಸಿ ಆರಿಸಿಕೊಳ್ಳುವುದು, ರಜೆಯ ದಿನ ಸ್ನಾನ ಮಾಡುವುದು ಖರ್ಚಿಲ್ಲದ ಪ್ರಯೋಗಗಳು. ಫಲಿತಾಂಶವನ್ನು ಕ್ಯಾಲೆಂಡರ್ ಹೇಳುತ್ತದೆ.

ಕೆಲವು ಎಚ್ಚರಿಕೆಗಳನ್ನು ಬಿಡುವಂತಿಲ್ಲ. ಆರಾ ಕಾಣುವ ಹೆಂಗಸರಿಗೆ ಈಸ್ಟ್ರೊಜೆನ್ ಇರುವ ಗರ್ಭನಿರೋಧಕ ಮಾತ್ರೆ ಸಲ್ಲದು. ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆ. ಮಾತ್ರೆ ಕೇಳುವಾಗ ಆರಾದ ವಿಷಯ ಹೇಳಲೇಬೇಕು. ಗರ್ಭಿಣಿಯರಿಗೆ ಅರ್ಗಟ್ ಸಲ್ಲದು. ತಡೆ ಔಷಧಿಗಳಲ್ಲಿ ವಾಲ್ಪ್ರೊಯೇಟ್ ಮತ್ತು ಟೊಪಿರಮೇಟ್ ಭ್ರೂಣಕ್ಕೆ ಹಾನಿಕರ. ಹೆರಿಗೆಯಾದ ವಾರಗಳಲ್ಲಿ ಹೊಸದಾಗಿ ಬಂದ ತೀವ್ರ ತಲೆನೋವನ್ನು ಬಾಣಂತಿಯ ಶೀತವೆಂದೋ ಮೈಗ್ರೇನ್ ಎಂದೋ ತಳ್ಳಿಹಾಕಬಾರದು. ಮಿದುಳಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಸಿಡಿಲಿನಂತೆ ಕ್ಷಣದಲ್ಲಿ ಎರಗಿದ ನೋವು, ಜ್ವರದೊಡನೆ ಕತ್ತು ಸೆಟೆಯುವುದು, ಕೈಕಾಲು ಸೋಲುವುದು, 50 ದಾಟಿದ ಮೇಲೆ ಮೊದಲ ಬಾರಿಗೆ ಬಂದ ತಲೆನೋವು, ಇವುಗಳಿಗೆ ಮನೆಯಲ್ಲಿ ಕಾಯುವಂತಿಲ್ಲ. ರಾಜ್ಯ ಸರ್ಕಾರ ಮತ್ತು ನಿಮ್ಹಾನ್ಸ್ ಸೇರಿ 2022ರಲ್ಲಿ ಆರಂಭಿಸಿದ ಮಿದುಳಿನ ಆರೋಗ್ಯ ಕಾರ್ಯಕ್ರಮದಲ್ಲಿ ಅಪಸ್ಮಾರ, ಪಾರ್ಶ್ವವಾಯು, ಮರೆವಿನ ಕಾಯಿಲೆಗಳ ಜೊತೆ ತಲೆನೋವಿಗೂ ಸ್ಥಾನ ಸಿಕ್ಕಿದೆ. ತಲೆನೋವೂ ಒಂದು ಕಾಯಿಲೆಯೇ ಎಂದು ಕಡತದಲ್ಲಾದರೂ ಒಪ್ಪಿಕೊಂಡಂತಾಯಿತು.

ಅರೆತಲೆನೋವು ಕುಟುಂಬಗಳಲ್ಲಿ ಹರಿದುಬರುತ್ತದೆ. ನನ್ನ ಮಗಳು ಏಳನೆಯ ತರಗತಿಯಲ್ಲಿದ್ದಾಗ, ಕಪ್ಪುಹಲಗೆಯ ಮೇಲಿನ ಅಕ್ಷರಗಳು ಅರ್ಧ ಕಾಣುತ್ತಿಲ್ಲ ಎಂದಳಂತೆ. ಲೆಕ್ಕ ತಪ್ಪಿಸಿಕೊಳ್ಳಲು ನೆಪ ಎಂದು ತರಗತಿಯಲ್ಲಿ ನಿಲ್ಲಿಸಿದ್ದರು. ಮಕ್ಕಳಲ್ಲಿ ನೋವು ತಲೆಯ ಎರಡೂ ಬದಿ ಇರಬಹುದು, ಎರಡೇ ಗಂಟೆಯಲ್ಲಿ ಮುಗಿಯಬಹುದು, ಕೆಲವರಿಗೆ ಹೊಟ್ಟೆನೋವಾಗಿಯೂ ತೋರಬಹುದು; ನಿದ್ದೆ ಬಂದರೆ ಬಹಳ ಸಲ ಕಡಿಮೆಯಾಗುತ್ತದೆ. ಮಗು ಹೀಗೆಂದಾಗ ಒಂದೊಂದೇ ಕಣ್ಣು ಮುಚ್ಚಿ ನೋಡಲು ಹೇಳಿ, ಕಂಡದ್ದನ್ನು ನೋಟುಪುಸ್ತಕದಲ್ಲಿ ಬರೆಯಲು ಬಿಡಿ. ಮನೆಗೆ ತಿಳಿಸಿ, ವೈದ್ಯರು ಸೂಚಿಸಿದ ಮಾತ್ರೆ ಮಗುವಿನ ಬಳಿ ಇದ್ದರೆ ಆಗಲೇ ಕೊಟ್ಟು, ಪ್ರಯೋಗಾಲಯದ ಕಿಟಕಿ ಮುಚ್ಚಿ ಒಂದು ಬೆಂಚಿನ ಮೇಲೆ ಮಲಗಿಸಬಹುದು. ಮಗಳು ಅಂದು ಬರೆದ ಚಿತ್ರ ನನ್ನ ಬಳಿ ಇನ್ನೂ ಇದೆ. ಹಳೇಬೀಡಿನ ಜಗತಿಯ ಮೂಲೆಯಂತೆಯೇ ಇದೆ, ಎಡಕ್ಕೆ ತಿರುಗಿದೆ ಅಷ್ಟೆ.