ನಮ್ಮೂರ ಮೈದಾನದ ಟಿಕೆಟ್ಟು: ದುಡ್ಡು ಕೊಡುವುದು ಬೇರೆ, ಒಳಗೆ ಬಿಡುವುದು ಬೇರೆ



ಕೊಡಗು ಅಂದ ಕೂಡಲೇ ಎಲ್ಲರೂ ಹಾಕಿ ಅಂತಾರೆ. ಅದು ಸರಿಯೇ. ಆದರೆ ನಮ್ಮೂರಲ್ಲಿ ಮೇ ತಿಂಗಳು ಬಂತೆಂದರೆ ಫುಟ್ಬಾಲು. ಯುವಕ ಸಂಘದ ಮೈದಾನದಲ್ಲಿ ನಾಲ್ಕು ದಿನ ಪಂದ್ಯ ನಡೆಯುತ್ತದೆ. ತೋಟದ ಲೈನ್ ಮನೆಯವರು, ಅಂಗಡಿಯವರು, ಜೀಪಿನವರು, ನಮ್ಮ ಶಾಲೆಯ ಅರ್ಧ ಮಕ್ಕಳು ಅಲ್ಲೇ ಇರುತ್ತೇವೆ. ಟಿಕೆಟ್ಟು ಇಪ್ಪತ್ತು ರೂಪಾಯಿ. ಆ ದುಡ್ಡಿನಲ್ಲೇ ಚೆಂಡು, ಬಲೆ, ರೆಫ್ರಿ ಖರ್ಚು, ಗೆದ್ದವರ ಕಪ್ಪು ಎಲ್ಲಾ ಆಗಬೇಕು. ಈ ವರ್ಷ ಟಿಕೆಟ್ಟಿನ ವ್ಯವಸ್ಥೆ ಪೂರ್ತಿ ಬದಲಾಯಿತು. ಅದು ಏಕೆ ಬದಲಾಯಿತು, ಹೇಗೆ ನಡೆಯುತ್ತದೆ ಎಂಬುದನ್ನು ನನಗೆ ತಿಳಿದಷ್ಟು ಇಲ್ಲಿ ಬರೆದಿದ್ದೇನೆ.

ಮೊದಲು ಏಕೆ ಎಂಬುದು. ನನ್ನ ದೊಡ್ಡಪ್ಪ ಹದಿನೈದು ವರ್ಷ ಗೇಟಿನಲ್ಲಿ ನಿಂತವರು. ಹೆಗಲಿಗೆ ಬಟ್ಟೆ ಚೀಲ, ಕೈಯಲ್ಲಿ ಬಣ್ಣದ ಚೀಟಿಯ ಕಟ್ಟು. ದುಡ್ಡು ಇಸ್ಕೊಳ್ಳುವುದು, ಚಿಲ್ಲರೆ ಕೊಡುವುದು, ಚೀಟಿ ಹರಿಯುವುದು, ಒಳಗೆ ಬಿಡುವುದು, ಬೇಲಿ ಹಾರುವವರನ್ನು ಬೈಯುವುದು ಎಲ್ಲಾ ಒಬ್ಬರೇ. ಕಳೆದ ವರ್ಷ ಫೈನಲ್ ದಿನ 500 ಚೀಟಿ ಕೊಟ್ಟಿದ್ದರು, ರಾತ್ರಿ 60 ಉಳಿದಿತ್ತು. ಅಂದರೆ 440 ಚೀಟಿ ಹೋಗಿದೆ, 8,800 ರೂಪಾಯಿ ಇರಬೇಕು. ಚೀಲದಲ್ಲಿದ್ದದ್ದು 6,960. ಉಳಿದ 1,840 ರೂಪಾಯಿ ಎಲ್ಲಿ?

ಆಟಗಾರರ ಮನೆಯವರು ಅಂತ ಕೆಲವರಿಗೆ ಚೀಟಿ ಪುಕ್ಕಟೆ ಕೊಡಿಸಿದ್ದರು. ಇನ್ನು ಕೆಲವರು ಪಕ್ಕದಲ್ಲಿ ನಿಂತಿದ್ದವರ ಫೋನಿಗೆ ದುಡ್ಡು ಹಾಕಿ ಒಳಗೆ ಹೋಗಿದ್ದರು. ಅದು ಅವರ ಮನೆ ದುಡ್ಡಿನ ಜೊತೆ ಬೆರೆತು ಹೋಯಿತು. ಯಾವುದನ್ನೂ ಯಾರೂ ಬರೆದಿಟ್ಟಿರಲಿಲ್ಲ. ಮಾರನೇ ದಿನ ಟೀ ಅಂಗಡಿಯಲ್ಲಿ ಯಾರೋ ಒಂದು ಮಾತು ಅಂದರಂತೆ. ದೊಡ್ಡಪ್ಪ ಏನೂ ಹೇಳಲಿಲ್ಲ. ಅಟ್ಟದಲ್ಲಿದ್ದ ಕಾಳುಮೆಣಸು ಮಾರಿ 1,840 ರೂಪಾಯಿ ಕಟ್ಟಿ ಬಂದರು. "ಇನ್ನು ಗೇಟಿಗೆ ನಾನು ಬರಲ್ಲ" ಅಂದರು.

ಈ ವಿಷಯ ನಮ್ಮ ಗಣಿತದ ಮೇಷ್ಟ್ರಿಗೆ ಗೊತ್ತಾಯಿತು. ಅವರು ಸಂಘದ ಸಭೆಗೆ ಹೋಗಿ ಹೇಳಿದ್ದು ಇಷ್ಟೇ: "ಕಳೆದದ್ದು ದುಡ್ಡಲ್ಲ, ಲೆಕ್ಕ. ದುಡ್ಡು ತಗೊಳ್ಳೋ ಕೆಲಸ ಬೇರೆ, ಒಳಗೆ ಬಿಡೋ ಕೆಲಸ ಬೇರೆ. ಎರಡನ್ನೂ ಒಬ್ಬರ ಕೈಗೆ, ಒಂದೇ ಗಳಿಗೆಗೆ ಕೊಟ್ಟರೆ ಯಾರಾದರೂ ತಪ್ಪುತ್ತಾರೆ."

ಇದು ನಮ್ಮೂರಿನ ತೊಂದರೆ ಮಾತ್ರ ಅಲ್ಲ. ಇಂಗ್ಲೆಂಡಿನ ವೆಂಬ್ಲಿ ಎಂಬ ದೊಡ್ಡ ಮೈದಾನದಲ್ಲಿ 1923ರ ಏಪ್ರಿಲ್ 28ರಂದು ಎಫ್.ಎ. ಕಪ್ ಫೈನಲ್ ನಡೆಯಿತು. ಬೋಲ್ಟನ್ ವಾಂಡರರ್ಸ್ ಮತ್ತು ವೆಸ್ಟ್ ಹ್ಯಾಮ್ ತಂಡಗಳ ಆಟ. ಹೆಚ್ಚಿನ ಜನ ಗೇಟಿಗೆ ಬಂದು ಅಲ್ಲೇ ದುಡ್ಡು ಕೊಟ್ಟು ಒಳಗೆ ಹೋಗುವ ಪದ್ಧತಿ ಇತ್ತು. ಗೇಟಿನ ಲೆಕ್ಕಕ್ಕೆ ಸಿಕ್ಕವರು 1,26,047 ಜನ. ಆದರೆ ನೂಕುನುಗ್ಗಲಲ್ಲಿ ಗೋಡೆ ಹಾರಿ ನುಗ್ಗಿದವರು ಎಷ್ಟೋ ಸಾವಿರ. ಜನ ಆಟದ ಅಂಕಣದ ಮೇಲೇ ತುಂಬಿಕೊಂಡರು. ಕುದುರೆ ಪೊಲೀಸರು ಬಂದು ಅವರನ್ನು ಗೆರೆಯ ಆಚೆ ಸರಿಸಿದ ಮೇಲೆ, ಮುಕ್ಕಾಲು ಗಂಟೆ ತಡವಾಗಿ ಆಟ ಶುರುವಾಯಿತು. ಬೋಲ್ಟನ್ 2-0 ಗೋಲಿನಿಂದ ಗೆದ್ದಿತು. ಆಮೇಲೆ ಆ ಫೈನಲ್ಲಿಗೆ ಟಿಕೆಟ್ಟನ್ನು ಮುಂಚೆಯೇ ಕೊಳ್ಳಬೇಕೆಂದು ನಿಯಮ ಮಾಡಿದರು. ನೋಡಿ, ಅಲ್ಲೂ ಕಂಡುಕೊಂಡ ದಾರಿ ಇದೇ: ದುಡ್ಡು ಮೊದಲು, ಗೇಟು ಆಮೇಲೆ.

ಈಗ ನಮ್ಮ ಸಂಘ ಏನು ಮಾಡಿತು ಎಂದು ಹೇಳುತ್ತೇನೆ.

ಮೊದಲನೆಯದು, ಖಾತೆ. ಒಬ್ಬ ಸದಸ್ಯರ ಫೋನ್ ನಂಬರಿಗೇ ದುಡ್ಡು ಹಾಕಿಸೋಣ ಅಂತ ಕೆಲವರು ಹೇಳಿದರು. ಮೇಷ್ಟ್ರು ಬೇಡ ಅಂದರು. ನಮ್ಮ ಸಂಘ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಂತೆ ನೋಂದಣಿಯಾಗಿದೆ. ಆದ್ದರಿಂದ ಸಂಘದ ಹೆಸರಲ್ಲೇ ಬ್ಯಾಂಕ್ ಖಾತೆ ತೆರೆದರು. ಅದರಿಂದ ದುಡ್ಡು ತೆಗೆಯಲು ಇಬ್ಬರ ಸಹಿ ಬೇಕು. ಆ ಖಾತೆಗೇ ಕ್ಯೂಆರ್ ಚಿತ್ರ ಮಾಡಿಸಿದರು.

ಕ್ಯೂಆರ್ ಅಂದರೆ ಅಂಗಡಿಯಲ್ಲಿ ನೇತುಹಾಕಿರುವ ಕಪ್ಪು ಬಿಳುಪು ಚೌಕಗಳ ಚಿತ್ರ. ಇದನ್ನು 1994ರಲ್ಲಿ ಜಪಾನಿನ ಡೆನ್ಸೊ ಕಂಪನಿಯ ಎಂಜಿನಿಯರ್ ಮಸಾಹಿರೊ ಹಾರಾ ಮತ್ತು ಅವರ ತಂಡ ಕಂಡುಹಿಡಿದರು. ಕಾರಿನ ಬಿಡಿಭಾಗಗಳ ಲೆಕ್ಕ ಇಡಲು ಅದು ಬೇಕಾಗಿತ್ತು. ಕಪ್ಪು ಬಿಳಿ ಕಾಯಿಗಳಿಂದ ಆಡುವ 'ಗೋ' ಎಂಬ ಮಣೆಯಾಟ ನೋಡಿ ಅವರಿಗೆ ಉಪಾಯ ಹೊಳೆಯಿತಂತೆ. ಚಿತ್ರದ ಮೂರು ಮೂಲೆಯಲ್ಲಿ ದೊಡ್ಡ ಚೌಕ ಇರುತ್ತದೆ, ಗಮನಿಸಿ. ಅದನ್ನು ನೋಡಿಯೇ ಫೋನು ಮೇಲೆ ಯಾವುದು ಕೆಳಗೆ ಯಾವುದು ಎಂದು ತಿಳಿಯುತ್ತದೆ. ಸ್ವಲ್ಪ ಹರಿದರೂ ಮಸಿಯಾದರೂ ಓದಲು ಬರುವಂತೆ ಅದರೊಳಗೆ ಲೆಕ್ಕ ಹಾಕಿಟ್ಟಿರುತ್ತಾರೆ.

ಅಂಗಡಿಯ ಆ ಚಿತ್ರದೊಳಗೆ ದುಡ್ಡೇನೂ ಇರುವುದಿಲ್ಲ! ಯಾರಿಗೆ ಸೇರಬೇಕು ಎಂಬ ವಿಳಾಸ ಮಾತ್ರ ಇರುತ್ತದೆ, ಇನ್ಲೆಂಡ್ ಪತ್ರದ ಮೇಲೆ ಬರೆದಂತೆ. ದುಡ್ಡನ್ನು ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ಒಯ್ಯುವುದು 2016ರಲ್ಲಿ ಶುರುವಾದ ಯುಪಿಐ ಎಂಬ ವ್ಯವಸ್ಥೆ. ನಾವು ಗುಟ್ಟಿನ ಪಿನ್ ಒತ್ತಿದಾಗ ನಮ್ಮ ಬ್ಯಾಂಕು ನಮ್ಮ ಖಾತೆಯಿಂದ ಕಳೆಯುತ್ತದೆ, ಸಂಘದ ಬ್ಯಾಂಕು ಸಂಘದ ಖಾತೆಗೆ ಕೂಡಿಸುತ್ತದೆ. ಪಿನ್ ಬೇಕಾಗುವುದು ದುಡ್ಡು ಕೊಡುವುದಕ್ಕೆ. ದುಡ್ಡು ಪಡೆಯಲು ಪಿನ್ ಒತ್ತಿ ಅಂತ ಯಾರಾದರೂ ಹೇಳಿದರೆ ಅದು ಮೋಸ. ಮನೆಯಲ್ಲಿ ಎಲ್ಲರಿಗೂ ಇದನ್ನು ಹೇಳಿ.

ಎರಡನೆಯದು, ಟಿಕೆಟ್ಟು. ದೊಡ್ಡ ಕಡೆ ಟಿಕೆಟ್ಟೇ ಫೋನಿನಲ್ಲಿ ಬರುತ್ತದೆ. ಬೆಂಗಳೂರಿನ ನಮ್ಮ ಮೆಟ್ರೋದಲ್ಲಿ 2022ರ ನವೆಂಬರಿನಿಂದ ಕ್ಯೂಆರ್ ಟಿಕೆಟ್ಟು ಇದೆ. ಅಂಥ ಒಂದೊಂದು ಟಿಕೆಟ್ಟಿಗೂ ಬೇರೆ ಬೇರೆ ಗುರುತು. ಗೇಟು ಅದನ್ನು ಓದಿದ ಕೂಡಲೇ 'ಬಳಸಿ ಆಯಿತು' ಎಂದು ಗುರುತು ಮಾಡಿಕೊಳ್ಳುತ್ತದೆ. ಅದರ ನಕಲು ತಂದವನು ಒಳಗೆ ಹೋಗಲಾರ. ನಮಗೆ ಅಷ್ಟು ಖರ್ಚಿನ ಗೇಟು ಯಾಕೆ? ಮೇಷ್ಟ್ರು ಅದೇ ಗುಣವನ್ನು ಕಾಗದದಲ್ಲಿ ತಂದರು. ಪ್ರತಿ ಟಿಕೆಟ್ಟಿಗೂ 0001, 0002 ಎಂದು ನಂಬರು ಅಚ್ಚು ಹಾಕಿಸಿದರು. ಅರ್ಧ ಹರಿದು ಗೇಟಿನ ಡಬ್ಬಿಗೆ, ಅರ್ಧ ನೋಡುವವರ ಕೈಗೆ. ಪುಕ್ಕಟೆ ಪಾಸಿಗೆ ಬೇರೆ ಬಣ್ಣ, ಬೇರೆ ನಂಬರು, ಪುಸ್ತಕದಲ್ಲಿ ಹೆಸರು.

ಮೂರನೆಯದು, ಕೌಂಟರು. ಅದನ್ನು ಗೇಟಿನಿಂದ ದೂರ, ಹಳೇ ರಾಗಿ ಗಿರಣಿಯ ಜಗಲಿಯಲ್ಲಿ ಇಟ್ಟರು. ಬೆಳಿಗ್ಗೆಯಿಂದಲೇ ಟಿಕೆಟ್ಟು. ಸಂಜೆ ಒಂದೇ ಟವರಿಗೆ ಇಡೀ ಊರಿನ ಫೋನು ಜೋತುಬಿದ್ದರೆ ನೆಟ್ವರ್ಕು ನಿಂತುಹೋಗುತ್ತದೆ, ಅದಕ್ಕೆ. ಮತ್ತು ನಗದು ದುಡ್ಡಿಗೆ ಬೇರೆ ಸಾಲು. ಕೆಲವು ಹುಡುಗರು ನಗದು ಬೇಡವೇ ಬೇಡ ಅಂತ ಹಟ ಮಾಡಿದ್ದರು. ಬಟನ್ ಫೋನಿನಲ್ಲೂ *99# ಒತ್ತಿ ದುಡ್ಡು ಕಳಿಸಬಹುದು, 2022ರಿಂದ ಯುಪಿಐ 123ಪೇ ಎಂಬುದೂ ಇದೆ, ನಿಜ. ಆದರೆ ಲೈನ್ ಮನೆಯ ಅಜ್ಜಿ ಸೆರಗಿನ ಗಂಟಿನಲ್ಲಿ ಇಪ್ಪತ್ತು ರೂಪಾಯಿ ಕಟ್ಟಿಕೊಂಡು ಮೊಮ್ಮಗನ ಆಟ ನೋಡಲು ಬಂದರೆ, ಆ ನೋಟು ನಡೆಯುವುದಿಲ್ಲ ಅನ್ನುವುದಕ್ಕೆ ನಾವು ಯಾರು?

ಕೌಂಟರಿನಲ್ಲಿ ನಾನೂ ನಾಲ್ಕು ದಿನ ಕೂತಿದ್ದೆ. ಅಲ್ಲಿ ಕಲಿತದ್ದು:

1. ಬೆಳಿಗ್ಗೆ ಮೊದಲು ನಾವೇ ಕ್ಯೂಆರ್ ಓದಿಸಿ ಸಂಘದ ಹೆಸರೇ ಬರುತ್ತದೆಯೇ ನೋಡಬೇಕು. ರಾತ್ರಿ ಯಾರಾದರೂ ಮೇಲೆ ಬೇರೆ ಚೀಟಿ ಅಂಟಿಸಿರಬಹುದು.

2. ಕೊಡುವವರ ಫೋನು ನೋಡಿ ನಂಬಬಾರದು. ಒಬ್ಬ ನಿನ್ನೆಯ ಚಿತ್ರ ತೋರಿಸಿ ಟಿಕೆಟ್ಟು ಕೇಳಿದ. ನಮ್ಮ ಕಡೆ ಸಂದೇಶ ಬಂದರೆ ಮಾತ್ರ ದುಡ್ಡು ಬಂದಂತೆ.

3. ನೆಟ್ವರ್ಕು ನಿಂತರೆ ಜಗಳ ಬೇಡ. ದುಡ್ಡು ಹೋಗಿ ಸಂದೇಶ ಬರದಿದ್ದರೆ ಹೆಸರು, ಸಮಯ ಬರೆದುಕೊಂಡು ಕೂರಿಸಬೇಕು.

ಫೈನಲ್ ದಿನದ ಲೆಕ್ಕ ನೋಡಿ. ಮೊದಲ ಟಿಕೆಟ್ಟು 0001, ಕೊನೆಯದು 0412. ಇಪ್ಪತ್ತರಿಂದ ಗುಣಿಸಿದರೆ 8,240. ಬ್ಯಾಂಕಿಗೆ ಬಂದದ್ದು 5,160, ನಗದು 3,080. ಕೂಡಿ ನೋಡಿ! ಪಾಸು 38. ಹಾಗಾದರೆ ಗೇಟಿನ ಡಬ್ಬಿಯಲ್ಲಿ 450 ತುಂಡು ಇರಬೇಕು. ಇದ್ದದ್ದು 447. ಹೆಚ್ಚು ಇದ್ದರೆ ಎಲ್ಲೋ ನಕಲು ಟಿಕೆಟ್ಟು ಬಂದಿದೆ ಎಂದರ್ಥ. ಕಡಿಮೆ ಇದ್ದರೆ ಟಿಕೆಟ್ಟು ಕೊಂಡು ಬರಲಿಲ್ಲ ಎಂದರ್ಥ. ಅವತ್ತು ಮೂರು ಗಂಟೆಗೆ ಜೋರು ಮಳೆ ಹೊಡೆದಿತ್ತು.

ಗೇಟಿನಲ್ಲಿ ನಿಂತವರು ಯಾರು ಗೊತ್ತೇ? ನಮ್ಮ ದೊಡ್ಡಪ್ಪ. ಮೇಷ್ಟ್ರು ಎರಡು ಸಲ ಮನೆಗೆ ಬಂದು ಕರೆದರು. ಈ ಸಲ ಹೆಗಲಲ್ಲಿ ಚೀಲ ಇರಲಿಲ್ಲ. ಟಿಕೆಟ್ಟು ಹರಿಯುವುದು, ಒಳಗೆ ಬಿಡುವುದು ಅಷ್ಟೇ. ಮಧ್ಯೆ ಮಧ್ಯೆ ಆಟವನ್ನೂ ನೋಡಿದರು. ಹದಿನೈದು ವರ್ಷದಲ್ಲಿ ಒಂದು ಫೈನಲ್ಲನ್ನೂ ಸರಿಯಾಗಿ ನೋಡಿರಲಿಲ್ಲವಂತೆ. ರಾತ್ರಿ ನಾನು ಲೆಕ್ಕ ಓದಿದೆ. "ಇನ್ನೊಂದ್ಸಲ ಓದು" ಅಂದರು. ಓದಿದೆ. ಸಂಘದವರು ಆ ಹಾಳೆಯನ್ನು ಟೀ ಅಂಗಡಿಯ ಗೋಡೆಗೇ ಅಂಟಿಸಿದರು. ಹಳೆಯ 1,840 ರೂಪಾಯಿಯನ್ನೂ ವಾಪಸ್ ಕೊಡಬೇಕೆಂದು ಸಭೆಯಲ್ಲಿ ಬರೆದುಕೊಂಡಿದ್ದಾರೆ.

ಇದರಿಂದ ನನಗೆ ತಿಳಿದದ್ದು ಇಷ್ಟು: ಫೋನು ಬಂದ ಮಾತ್ರಕ್ಕೆ ಲೆಕ್ಕ ಸರಿಯಾಗುವುದಿಲ್ಲ. ಕಳೆದ ವರ್ಷವೂ ಫೋನು ಇತ್ತಲ್ಲ! ದುಡ್ಡು ಒಂದು ಕಡೆ, ಗೇಟು ಒಂದು ಕಡೆ, ನಂಬರು ಎರಡಕ್ಕೂ ಸಾಕ್ಷಿಯಾಗಿ ಇದ್ದರೆ ಒಳ್ಳೆಯ ಮನುಷ್ಯರ ಮೇಲೆ ಸುಮ್ಮಸುಮ್ಮನೆ ಅನುಮಾನ ಬರುವುದಿಲ್ಲ. ನಮ್ಮ ಶಾಲಾ ವಾರ್ಷಿಕೋತ್ಸವದ ಊಟದ ಕೂಪನ್ನಿಗೂ ಹೀಗೇ ನಂಬರು ಹಾಕಬಹುದು ಎಂದು ಗುರುಗಳಲ್ಲಿ ಕೇಳಿಕೊಳ್ಳುತ್ತೇನೆ. ಕೌಂಟರಿಗೆ ನಾನು ತಯಾರು.

ತಪ್ಪಿದ್ದರೆ ತಿದ್ದಿ.

- 9ನೇ ತರಗತಿಯ ವಿದ್ಯಾರ್ಥಿನಿ