ಕಾಡುಗಿಚ್ಚಿನ ಗಣಿತ

ಸಂಕ್ರಾಂತಿ ಕಳೆದು ಶಿವರಾತ್ರಿ ಸಮೀಪಿಸಿತೆಂದರೆ ಚಿಕ್ಕಮಗಳೂರು ಜಿಲ್ಲೆಯ ಬೆಟ್ಟಗಳಲ್ಲಿ ಬೆಂಕಿಯ ಕಾಲ ಮೊದಲಾಯಿತೆಂದು ತಿಳಿಯಬೇಕು. ಹಗಲಿನಲ್ಲಿ ಮಂಜಿನಂತೆ ಕಾಣುವ ಹೊಗೆ, ರಾತ್ರಿಯಲ್ಲಿ ಇಳಿಜಾರಿನ ಮೇಲೆ ಹಾವಿನಂತೆ ಹರಿಯುವ ಕೆಂಪು ಗೆರೆ, ಮರುದಿನ ಕರಿಹಿಡಿದ ಗುಡ್ಡ: ಇವು ಈ ಸೀಮೆಯ ಜನಕ್ಕೆ ಹೊಸವಲ್ಲ. ಮಳೆ ಬಿದ್ದೊಡನೆ ಅದೇ ಗುಡ್ಡ ಮತ್ತೆ ಹಸುರಾಗುತ್ತದೆ. ಅದನ್ನು ಕಂಡವರು ‘ಬೆಂಕಿಯಿಂದ ಕಾಡಿಗೇನೂ ಆಗದು’ ಎನ್ನುತ್ತಾರೆ. ಕರಿಹಿಡಿದ ಗುಡ್ಡವನ್ನು ಕಂಡವರು ‘ಕಾಡು ಸತ್ತಿತು’ ಎನ್ನುತ್ತಾರೆ. ಇವರಲ್ಲಿ ಯಾರ ಮಾತು ನಿಜ?

ಒಂದು ಬೆಂಕಿಯನ್ನು ಮಾತ್ರ ನೋಡಿ ಈ ಪ್ರಶ್ನೆಗೆ ಉತ್ತರ ಹೇಳಲಾಗದು. ಕಾಡಿನ ಹಣೆಬರಹವನ್ನು ನಿರ್ಧರಿಸುವುದು ಈ ವರ್ಷ ಬೆಂಕಿ ಬಿತ್ತೇ ಇಲ್ಲವೇ ಎಂಬುದಲ್ಲ. ಮುಂದಿನ ಬೆಂಕಿ ಎಷ್ಟು ವರ್ಷಗಳ ಅನಂತರ ಬರುತ್ತದೆ ಎಂಬುದು. ಇದು ಲೆಕ್ಕದ ವಿಷಯ. ಆ ಲೆಕ್ಕವನ್ನು ಮಾಡುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

ಬಯಲಿನಿಂದ ಬೆಟ್ಟಕ್ಕೆ

ಉರಿಯುವುದಕ್ಕೆ ಮೂರು ವಸ್ತುಗಳು ಬೇಕೆಂಬುದನ್ನು ವಿದ್ಯಾರ್ಥಿಗಳು ಬಲ್ಲರು: ಇಂಧನ, ಆಮ್ಲಜನಕ, ಉಷ್ಣ. ಕಾಡಿನಲ್ಲಿ ಆಮ್ಲಜನಕಕ್ಕೆ ಕೊರತೆಯಿಲ್ಲ. ಆದುದರಿಂದ ಅಲ್ಲಿ ನೋಡಬೇಕಾದುದು ಇಂಧನವೆಷ್ಟಿದೆ, ಅದು ಎಷ್ಟು ಒಣಗಿದೆ, ಕಿಡಿ ಎಲ್ಲಿಂದ ಬರುತ್ತದೆ ಎಂಬ ಮೂರು ಸಂಗತಿಗಳನ್ನು.

ಕಡೂರು ತಾಲ್ಲೂಕಿನ ಹಿರೇನಲ್ಲೂರಿನಿಂದ ಹೊರಟು ಸಖರಾಯಪಟ್ಟಣದ ಮೇಲೆ ಬಾಬಾಬುಡನ್ ಗಿರಿಶ್ರೇಣಿಯನ್ನು ದಾಟಿ ಜಾಗರ ಕಣಿವೆಗೆ ಇಳಿದೆವೆಂದು ಭಾವಿಸೋಣ. ಹಿರೇನಲ್ಲೂರಿನ ಸುತ್ತಣದು ಬಯಲುಸೀಮೆ. ಮಳೆ ಕಡಿಮೆ, ಹುಲ್ಲು ತೆಳ್ಳಗೆ ಬೆಳೆಯುತ್ತದೆ, ಬೆಳೆದುದರಲ್ಲಿ ಬಹುಪಾಲನ್ನು ದನಕುರಿಗಳು ಮೇಯುತ್ತವೆ. ಇಲ್ಲಿ ಬೇಸಗೆಯ ಬಿಸಿಲಿಗೆ ಎಲ್ಲವೂ ಒಣಗಿರುತ್ತದೆ, ಆದರೆ ಉರಿಯುವುದಕ್ಕೆ ಹೆಚ್ಚೇನೂ ಇರುವುದಿಲ್ಲ. ಇದೇ ತಾಲ್ಲೂಕಿನ ಬಾಸೂರಿನ ಅಮೃತಮಹಲ್ ಕಾವಲಿನಂಥ ಹುಲ್ಲುಗಾವಲಿನಲ್ಲಿ ಬೆಂಕಿ ಬಿದ್ದರೂ ಅದು ಬೇಗ ಹಾಯ್ದುಹೋಗುತ್ತದೆ. ಹುಲ್ಲಿನ ಜೀವ ಬೇರಿನಲ್ಲಿ ಅಡಗಿರುವುದರಿಂದ ಮೊದಲ ಮಳೆಗೇ ಚಿಗುರುತ್ತದೆ.

ಇನ್ನು ಗಿರಿಯ ನೆತ್ತಿಯನ್ನು ನೋಡಿ. ಮುಳ್ಳಯ್ಯನಗಿರಿ 1,900 ಮೀಟರಿಗೂ ಎತ್ತರವಾಗಿದೆ. ಅಲ್ಲಿನ ಕಣಿವೆಗಳ ಮಡಿಲಲ್ಲಿರುವ ಶೋಲಾ ಕಾಡುಗಳಲ್ಲಿ ಎಲೆಯೂ ಮಣ್ಣೂ ಹೇರಳವಾಗಿದ್ದರೂ ಅವು ತೇವದಿಂದ ಕೂಡಿರುತ್ತವೆ. ಸುತ್ತಲ ಬೋಳುಗುಡ್ಡದ ಹುಲ್ಲು ಉರಿದಾಗ ಬೆಂಕಿ ಸಾಮಾನ್ಯವಾಗಿ ಶೋಲಾದ ಅಂಚಿಗೆ ಬಂದು ನಂದುತ್ತದೆ.

ಬಯಲಿನಲ್ಲಿ ಒಣಗಿದ್ದರೂ ಇಂಧನವಿಲ್ಲ. ಶೋಲಾದಲ್ಲಿ ಇಂಧನವಿದ್ದರೂ ಒಣಗಿಲ್ಲ. ಇವೆರಡರ ನಡುವೆ, ಸಖರಾಯಪಟ್ಟಣದ ಕಡೆಯ ಇಳಿಜಾರುಗಳಲ್ಲಿಯೂ ಮುತ್ತೋಡಿ, ಲಕ್ಕವಳ್ಳಿಗಳ ಕಾಡುಗಳಲ್ಲಿಯೂ ಎರಡೂ ಕೂಡಿಬರುತ್ತವೆ. ತೇಗ, ಮತ್ತಿ, ನಂದಿ, ದಿಂಡಿಗ, ಬಿದಿರುಗಳ ಈ ಎಲೆಯುದುರುವ ಕಾಡು ಮುಂಗಾರಿನಲ್ಲಿ ಸೊಂಪಾಗಿ ಬೆಳೆದು, ಮಾಗಿಯಲ್ಲಿ ಎಲೆ ಕಳಚಿ, ಬೇಸಗೆಯ ವೇಳೆಗೆ ನೆಲದ ಮೇಲೆ ತರಗೆಲೆಯ ಹಾಸನ್ನೇ ಹಾಸಿರುತ್ತದೆ. 1951ರಲ್ಲಿ ಜಾಗರ ಕಣಿವೆಯ ಮೃಗಧಾಮವೆಂದು ಹೆಸರಾಗಿ, 1974ರಲ್ಲಿ ಭದ್ರಾ ಅಭಯಾರಣ್ಯವಾಗಿ ವಿಸ್ತಾರಗೊಂಡು, 1998ರಲ್ಲಿ ಹುಲಿ ಯೋಜನೆಗೆ ಸೇರಿದ ಅರಣ್ಯದ ದೊಡ್ಡ ಭಾಗ ಇಂಥದೇ.

ಕಿಡಿಯ ಮೂಲವೆಲ್ಲಿ? ಕೆನಡಾ, ಸೈಬೀರಿಯಗಳ ಕಾಡುಗಳಲ್ಲಿ ಸಿಡಿಲು ದೊಡ್ಡ ಕಾರಣ. ನಮ್ಮಲ್ಲಿ ಜನವರಿಯಿಂದ ಮಾರ್ಚಿಯವರೆಗೆ ಗುಡುಗು ಸಿಡಿಲುಗಳು ವಿರಳ. ಅವು ಬರುವ ಹೊತ್ತಿಗೆ ಜೊತೆಯಲ್ಲಿ ಮಳೆಯನ್ನೂ ತರುತ್ತವೆ. ಆದುದರಿಂದ ನಮ್ಮ ಕಾಡುಗಿಚ್ಚುಗಳಲ್ಲಿ ಬಹುತೇಕ ಎಲ್ಲವೂ ಮನುಷ್ಯನ ಕೈಯಿಂದ ಹುಟ್ಟಿದವು: ಎಸೆದ ಬೀಡಿ, ಆರಿಸದ ಒಲೆ, ಹೊಸ ಹುಲ್ಲಿನ ಆಸೆ, ಜೇನು ಬಿಡಿಸಲು ಹೊತ್ತಿಸಿದ ಪಂಜು.

ಚೌಕದ ಹಾಳೆಯ ಮೇಲೊಂದು ಕಾಡು

ಹೊತ್ತಿದ ಕಿಡಿ ಹೇಗೆ ಹರಡುತ್ತದೆ? ಬಿಸಿಗಾಳಿ ಮೇಲಕ್ಕೇರುವುದರಿಂದ ಬೆಂಕಿ ಇಳಿಜಾರನ್ನು ಹತ್ತುವಾಗ ತನ್ನ ಮುಂದಿರುವ ಹುಲ್ಲನ್ನು ಮೊದಲೇ ಕಾಯಿಸಿ ಒಣಗಿಸುತ್ತದೆ. ಇಳಿಜಾರು 10 ಡಿಗ್ರಿ ಹೆಚ್ಚಿದರೆ ಬೆಂಕಿಯ ವೇಗ ಸುಮಾರು ಇಮ್ಮಡಿಯಾಗುತ್ತದೆಂಬುದು ಬೆಂಕಿ ಆರಿಸುವವರ ಅನುಭವದ ಲೆಕ್ಕ. 1972ರಲ್ಲಿ ಅಮೆರಿಕದ ಅರಣ್ಯ ಇಲಾಖೆಯ ರಿಚರ್ಡ್ ರಾತರ್ಮೆಲ್ ಎಂಬುವರು ಇಂಧನದ ಮೊತ್ತ, ತೇವ, ಗಾಳಿ, ಇಳಿಜಾರುಗಳಿಂದ ಬೆಂಕಿಯ ವೇಗವನ್ನು ಕಂಡುಹಿಡಿಯುವ ಸಮೀಕರಣಗಳನ್ನು ರಚಿಸಿದರು. ಇಂದಿಗೂ ಅನೇಕ ಗಣಕಯಂತ್ರಗಳ ಲೆಕ್ಕಾಚಾರಕ್ಕೆ ಅವೇ ಆಧಾರ.

ಆದರೆ ಬೆಂಕಿಯ ಸ್ವಭಾವದ ಒಂದು ಮುಖ್ಯ ಗುಟ್ಟನ್ನು ತಿಳಿಯಲು ಗಣಕಯಂತ್ರವೂ ಬೇಡ. ಒಂದು ಚೌಕದ ಹಾಳೆ, ಒಂದು ದಾಳ ಇದ್ದರೆ ಸಾಕು. ಹಾಳೆಯ ಮೇಲೆ 15 ಸಾಲು, ಸಾಲಿಗೆ 15 ಮನೆಗಳಿರುವ ಚೌಕವನ್ನು ಬರೆಯಿರಿ. ಪ್ರತಿ ಮನೆಗೂ ಒಮ್ಮೆ ದಾಳ ಎಸೆಯಿರಿ. ಒಂದು, ಎರಡು, ಮೂರು ಬಿದ್ದರೆ ಅಲ್ಲಿ ಮರವಿದೆಯೆಂದು ಗುರುತಿಸಿ, ಉಳಿದುದು ಬಯಲು. ಈಗ ಎಡದಂಚಿನ ಮರಗಳಿಗೆಲ್ಲ ಬೆಂಕಿ ಹಚ್ಚಿರಿ! ಉರಿಯುವ ಮರದ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಇರುವ ಮರಕ್ಕೆ ಮಾತ್ರ ಬೆಂಕಿ ತಗಲುತ್ತದೆಂಬುದು ನಿಯಮ. ನೂರಕ್ಕೆ ಐವತ್ತು ಮನೆಗಳಲ್ಲಿ ಮರವಿರುವ ಈ ಕಾಡಿನಲ್ಲಿ ಬೆಂಕಿ ಹೆಚ್ಚಿನ ಸಲ ನಡುದಾರಿಯಲ್ಲೇ ನಂದುವುದನ್ನು ಕಾಣುವಿರಿ.

ಇನ್ನೊಂದು ಹಾಳೆಯಲ್ಲಿ ನಾಲ್ಕು ಬಿದ್ದಾಗಲೂ ಮರವೆಂದೇ ಗುರುತಿಸಿ. ಈಗ ಮರಗಳು ನೂರಕ್ಕೆ 67. ಹೆಚ್ಚಿದುದು ಸ್ವಲ್ಪವೇ. ಆದರೂ ಬೆಂಕಿ ಈಗ ಹೆಚ್ಚಿನ ಸಲ ಬಲದಂಚನ್ನು ಮುಟ್ಟಿಯೇ ತೀರುತ್ತದೆ. ಈ ಎರಡರ ನಡುವೆ, ನೂರಕ್ಕೆ ಸುಮಾರು 59ರ ಬಳಿ, ಒಂದು ಹೊಸ್ತಿಲಿದೆ. ಹಾಳೆ ದೊಡ್ಡದಾದಷ್ಟೂ ಆ ಹೊಸ್ತಿಲು ಸ್ಪಷ್ಟವಾಗುತ್ತದೆ. ಅದರ ಕೆಳಗೆ ಬೆಂಕಿ ಸಾಯುತ್ತದೆ. ಮೇಲೆ ಕಾಡೆಲ್ಲ ಉರಿಯುತ್ತದೆ. ಅರಣ್ಯ ಇಲಾಖೆಯವರು ಬೇಸಗೆಗೆ ಮುನ್ನ ಕಾಡಿನ ನಡುವೆ ಉದ್ದುದ್ದ ಪಟ್ಟಿಯನ್ನು ಸವರಿ ‘ಬೆಂಕಿರೇಖೆ’ ಮಾಡುವುದೇಕೆಂದು ಇದರಿಂದ ತಿಳಿಯುತ್ತದೆ. ನಿಮ್ಮ ಹಾಳೆಯ ನಡುವಣ ಒಂದು ಕಂಬಸಾಲನ್ನು ಪೂರ್ತಿ ಅಳಿಸಿ ನೋಡಿ. 67ರ ಕಾಡಿನಲ್ಲಿಯೂ ಬೆಂಕಿ ಅಲ್ಲಿಗೇ ನಿಲ್ಲುತ್ತದೆ. ನಿಜವಾದ ಕಾಡಿನಲ್ಲಿ ಗಾಳಿ ಕಿಡಿಯನ್ನು ಹಾರಿಸಿಕೊಂಡು ರೇಖೆಯನ್ನು ದಾಟಿಸಬಲ್ಲದೆಂಬುದನ್ನು ಮಾತ್ರ ಮರೆಯಬಾರದು.

1992ರಲ್ಲಿ ಜರ್ಮನಿಯ ಬಾರ್ಬರಾ ಡ್ರಾಸೆಲ್, ಫ್ರಾಂಜ್ ಶ್ವಾಬ್ಲ್ ಎಂಬ ಭೌತವಿಜ್ಞಾನಿಗಳು ಈ ಆಟಕ್ಕೆ ಇನ್ನೆರಡು ನಿಯಮಗಳನ್ನು ಕೂಡಿಸಿದರು. ಬರಿಯ ಮನೆಗಳಲ್ಲಿ ಕಾಲಕ್ರಮದಲ್ಲಿ ಹೊಸ ಮರ ಹುಟ್ಟುತ್ತದೆ. ಎಲ್ಲೋ ಒಮ್ಮೊಮ್ಮೆ ಒಂದು ಕಿಡಿ ಬೀಳುತ್ತದೆ. ಇಷ್ಟರಿಂದಲೇ ಬಹಳ ಸಣ್ಣ ಬೆಂಕಿಗಳೂ ಕೆಲವೇ ದೊಡ್ಡ ಬೆಂಕಿಗಳೂ ತಾವಾಗಿ ಹುಟ್ಟಿದುವು. ಕಿಡಿಗಳು ಅಪರೂಪವಾದಷ್ಟೂ ಕಾಡು ಇಡಿಕಿರಿದು ತುಂಬಿಕೊಂಡು, ಕೊನೆಗೆ ಬೀಳುವ ಕಿಡಿ ಮಹಾಜ್ವಾಲೆಯಾಯಿತು. 1998ರಲ್ಲಿ ಬ್ರೂಸ್ ಮಲಮುಡ್ ಮತ್ತು ಸಂಗಡಿಗರು ಅಮೆರಿಕ, ಆಸ್ಟ್ರೇಲಿಯಗಳ ನಿಜವಾದ ಕಾಡುಗಿಚ್ಚುಗಳ ದಾಖಲೆಗಳಲ್ಲಿಯೂ ಇಂಥದೇ ಅನುಪಾತವನ್ನು ತೋರಿಸಿದರು.

ಮರಳಿ ಬರುವ ಬೆಂಕಿ

ಇಲ್ಲಿಯವರೆಗೆ ಒಂದು ಬೆಂಕಿಯ ಹರಹನ್ನು ನೋಡಿದೆವು. ಇನ್ನು ಕಾಲದ ಲೆಕ್ಕ. ಇದಕ್ಕೆ ಉತ್ತರಧ್ರುವದ ಸುತ್ತ ಮಾಲೆಯಂತೆ ಹಬ್ಬಿರುವ ಸೂಚಿಪರ್ಣಿ ಕಾಡುಗಳು ಒಳ್ಳೆಯ ಉದಾಹರಣೆ. ಅಲ್ಲಿನ ಬೆಂಕಿ ನೆಲದ ತರಗನ್ನು ಮಾತ್ರವಲ್ಲದೆ ಮರದ ತಲೆಯನ್ನೂ ಸುಟ್ಟುಹಾಕುತ್ತದೆ. ಆದರೂ ಕಪ್ಪು ಸ್ಪ್ರೂಸ್ ಎಂಬ ಮರ ಅದಕ್ಕೆ ಸಿದ್ಧವಾಗಿರುತ್ತದೆ. ಅದರ ಕಾಯಿಗಳಲ್ಲಿ ಬೀಜಗಳು ವರ್ಷಗಟ್ಟಲೆ ಕೂಡಿಟ್ಟ ಹಣದಂತೆ ಭದ್ರವಾಗಿದ್ದು, ಬೆಂಕಿಯ ಕಾವಿಗೆ ಬಾಯಿಬಿಟ್ಟು ಬೂದಿಯ ಮೇಲೆ ಉದುರುತ್ತವೆ. ಆದರೆ ಆ ಗಂಟು ಕೂಡಲು ಮರಕ್ಕೆ ಹಲವು ದಶಕಗಳು ಬೇಕು; 50 ವರ್ಷವೆಂದು ಇಟ್ಟುಕೊಳ್ಳೋಣ.

ಕಾಡಿನ ಯಾವುದೇ ಒಂದು ತಾಣಕ್ಕೆ ಸರಾಸರಿ 100 ವರ್ಷಕ್ಕೊಮ್ಮೆ ಬೆಂಕಿ ಬರುತ್ತದೆಂದರೆ, ಒಂದು ವರ್ಷ ಅದು ಪಾರಾಗುವ ಸಂಭವ 0.99. ಐವತ್ತು ವರ್ಷವೂ ಪಾರಾಗಲು 0.99ನ್ನು ಐವತ್ತು ಸಲ ಗುಣಿಸಬೇಕು. ಉತ್ತರ 0.60. ಅಂದರೆ ನೂರರಲ್ಲಿ ಅರುವತ್ತು ತಾಣಗಳು ಬೀಜದ ಗಂಟನ್ನು ಕೂಡಿಸಿಕೊಳ್ಳುತ್ತವೆ. ಬೆಂಕಿ 30 ವರ್ಷಕ್ಕೊಮ್ಮೆ ಬರತೊಡಗಿದರೆ ಅದೇ ಗುಣಾಕಾರದಿಂದ ಬರುವ ಉತ್ತರ ಬರಿಯ 0.18. ಉಳಿದ ತಾಣಗಳಲ್ಲಿ ಬರ್ಚ್, ಆಸ್ಪೆನ್ ಮರಗಳು ನೆಲೆಸುತ್ತವೆ, ಇಲ್ಲವೆ ಬಯಲಾಗುತ್ತದೆ. ಕೆನಡಾದ ಸಿ. ಇ. ವಾನ್ ವ್ಯಾಗ್ನರ್ 1978ರಲ್ಲಿ ಈ ಬಗೆಯ ಲೆಕ್ಕದಿಂದ ಕಾಡಿನ ಮರಗಳ ವಯಸ್ಸಿನ ಹಂಚಿಕೆಯನ್ನು ವಿವರಿಸಿದರು. ಇದು ಕಾಗದದ ಭಯವಲ್ಲ. 2023ರ ಒಂದೇ ವರ್ಷದಲ್ಲಿ ಕೆನಡಾದಲ್ಲಿ ಸುಮಾರು ಒಂದೂವರೆ ಕೋಟಿ ಹೆಕ್ಟೇರ್ ಕಾಡು ಉರಿಯಿತು. ಕರ್ನಾಟಕದ ವಿಸ್ತೀರ್ಣದ ಮುಕ್ಕಾಲು ಪಾಲಿಗಿಂತ ಹೆಚ್ಚು.

ಈ ಲೆಕ್ಕವನ್ನೇ ನಮ್ಮ ಕಾಡಿಗೆ ಅನ್ವಯಿಸೋಣ. ನಮ್ಮ ಬೆಂಕಿ ನೆಲದ ಬೆಂಕಿ. ದಪ್ಪ ತೊಗಟೆಯ ದೊಡ್ಡ ಮರಗಳು ಅದನ್ನು ಸಹಿಸುತ್ತವೆ. ಅದಕ್ಕೆ ಬಲಿಯಾಗುವುವು ಸಸಿಗಳು. ಬೇರಿನಿಂದ ಅವು ಮತ್ತೆ ಚಿಗುರಬಹುದು. ಆದರೆ ಉರಿಯ ಎತ್ತರವನ್ನು ಮೀರಿ ಬೆಳೆಯಲು ಬಿಡುವು ಬೇಕು. ಆ ಬಿಡುವು 10 ವರ್ಷವೆಂದು ಭಾವಿಸಿದರೆ, ಬೆಂಕಿ 10 ವರ್ಷಕ್ಕೊಮ್ಮೆ ಬರುವ ಕಾಡಿನಲ್ಲಿ ನೂರು ಸಸಿಗಳಲ್ಲಿ 35 ಪಾರಾಗುತ್ತವೆ. ಮೂರು ವರ್ಷಕ್ಕೊಮ್ಮೆ ಬಂದರೆ ಎರಡು ಕೂಡ ಉಳಿಯುವುದಿಲ್ಲ!

ಈ ಎರಡು ಅಂಕಿಗಳನ್ನು ಸುಮ್ಮನೆ ಆಯ್ದುದಲ್ಲ. ಬಂಡೀಪುರಕ್ಕೆ ಅಂಟಿಕೊಂಡಿರುವ ಮುದುಮಲೆಯ ಕಾಡಿನಲ್ಲಿ 1909ರಿಂದ 1921ರವರೆಗಿನ ದಾಖಲೆಗಳ ಪ್ರಕಾರ ಬೆಂಕಿ ಸುಮಾರು 10 ವರ್ಷಕ್ಕೊಮ್ಮೆ ಮರಳುತ್ತಿತ್ತು. 1989ರಿಂದ 2002ರ ಅವಧಿಯಲ್ಲಿ ಅದು ಮೂರು ವರ್ಷಕ್ಕೊಮ್ಮೆ ಎಂಬಷ್ಟಾಯಿತೆಂದು ನರೇಂದ್ರನ್ ಕೋದಂಡಪಾಣಿ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದರು. ಅದೇ ಕಾಡಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಅವರ ತಂಡ 1988ರಲ್ಲಿ 50 ಹೆಕ್ಟೇರ್ ನೆಲವನ್ನು ಗೊತ್ತುಮಾಡಿಕೊಂಡು, ಒಂದು ಸೆಂಟಿಮೀಟರ್ ದಪ್ಪದಿಂದ ಮೊದಲ್ಗೊಂಡು ಪ್ರತಿಯೊಂದು ಕಾಂಡಕ್ಕೂ ಸಂಖ್ಯೆ ಕೊಟ್ಟು ಎಣಿಸತೊಡಗಿತು. ಇಪ್ಪತ್ತೈದು ಸಾವಿರಕ್ಕೂ ಮಿಕ್ಕ ಕಾಂಡಗಳು! 1996ರವರೆಗೆ ಬೆಂಕಿ ಪದೇ ಪದೇ ಬಿದ್ದಾಗ ಸಣ್ಣ ಕಾಂಡಗಳು ಕಡಿಮೆಯಾದುವು. ಆಮೇಲೆ ಕೆಲವು ವರ್ಷ ಬಿಡುವು ಸಿಕ್ಕಿದಾಗ ಎಳೆಯ ಗಿಡಗಳು ಮತ್ತೆ ಎದ್ದುವು. ದೊಡ್ಡ ಮರಗಳು ನಿಂತಿದ್ದವೆಂಬ ಕಾರಣದಿಂದ ದೂರದಿಂದ ನೋಡುವವನಿಗೆ ಈ ಏರಿಳಿತ ಕಾಣುತ್ತಲೇ ಇರಲಿಲ್ಲ. ಮುದುಕರೆಲ್ಲ ಗಟ್ಟಿಮುಟ್ಟಾಗಿದ್ದು ಮಕ್ಕಳೇ ಇಲ್ಲದ ಊರಿನ ಸ್ಥಿತಿ ಅಂಥ ಕಾಡಿನದು.

ಹಾಗಾದರೆ ಬೆಂಕಿಯೇ ಬೇಡವೆ?

ಅವಸರದಿಂದ ಹಾಗೆ ಹೇಳುವಂತಿಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ಬೇಸಗೆಯ ಆರಂಭದಲ್ಲಿ, ಹುಲ್ಲು ಪೂರ್ತಿ ಒಣಗುವ ಮುನ್ನ, ತರಗೆಲೆಗೆ ಹದವಾಗಿ ಬೆಂಕಿ ಕೊಡುತ್ತಿದ್ದರು. ಅದಕ್ಕೆ ‘ತರಗು ಬೆಂಕಿ’ ಎಂದು ಹೆಸರು. 1974ರಲ್ಲಿ ಅಲ್ಲಿ ಅಭಯಾರಣ್ಯವಾದ ಮೇಲೆ ಅದು ನಿಷಿದ್ಧವಾಯಿತು. ಆ ಬಳಿಕವೇ ಲಂಟಾನ ಹೆಚ್ಚಿತೆಂದು ಸೋಲಿಗರು ಹೇಳುತ್ತಾರೆ. ಬೆಂಗಳೂರಿನ ‘ಏಟ್ರೀ’ ಸಂಸ್ಥೆಯ ಸಂಶೋಧಕರು 1997ರಲ್ಲಿಯೂ 2008ರಲ್ಲಿಯೂ ಎಣಿಸಿದಾಗ ಲಂಟಾನ ಬಹಳವಾಗಿ ಹರಡಿದ್ದುದು ಕಂಡಿತು. ಅದಕ್ಕೆ ಬೆಂಕಿಯ ನಿಷೇಧವೊಂದೇ ಕಾರಣವೇ ಎಂಬುದು ಚರ್ಚೆಯ ವಿಷಯ. ಆದರೆ ಒಣಗಿದ ಲಂಟಾನದ ಪೊದೆ ನೆಲದ ಉರಿಯನ್ನು ಮರದ ಕೊಂಬೆಗೆ ಏರಿಸುವ ಏಣಿಯಾಗುತ್ತದೆಂಬುದು ನಿಶ್ಚಯ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಕೆಲವೇ ದಿನಗಳಲ್ಲಿ ನಾಲ್ಕು ಸಾವಿರ ಹೆಕ್ಟೇರಿಗೂ ಹೆಚ್ಚು ಕಾಡು ಸುಟ್ಟಿತು. ಕೂಡಿಬಿದ್ದ ಇಂಧನ ಏನು ಮಾಡಬಲ್ಲುದೆಂಬುದಕ್ಕೆ ಅದು ನಿದರ್ಶನ.

ಆದುದರಿಂದ ಮೂರು ವರ್ಷಕ್ಕೊಮ್ಮೆ ಬರುವ ಬೆಂಕಿಯೂ ಕೆಟ್ಟದು. ಇಂಧನವೆಲ್ಲ ಕೂಡಿದ ಮೇಲೆ ಕಡುಬೇಸಗೆಯಲ್ಲಿ ಬರುವ ಒಂದೇ ಬೆಂಕಿಯೂ ಕೆಟ್ಟದು. ಎಷ್ಟು ವರ್ಷಕ್ಕೊಮ್ಮೆ, ಯಾವ ತಿಂಗಳಲ್ಲಿ, ಎಷ್ಟು ಜಾಗದಲ್ಲಿ ಎಂಬ ಪ್ರಶ್ನೆಗಳಿಗೆ ಒಂದೊಂದು ಕಾಡಿಗೂ ಉತ್ತರ ಬೇರೆ ಬೇರೆ. ಅದನ್ನು ಕಂಡುಕೊಳ್ಳಲು ದಶಕಗಳ ದಾಖಲೆ ಬೇಕು. ಈಗ ಭಾರತದ ಅರಣ್ಯ ಸರ್ವೇಕ್ಷಣ ಸಂಸ್ಥೆ ಉಪಗ್ರಹಗಳ ನೆರವಿನಿಂದ ಬೆಂಕಿಯ ತಾಣಗಳನ್ನು ಗುರುತಿಸಿ ಸೂಚನೆ ಕೊಡುತ್ತದೆ. ಆದರೆ ಮೋಡ ಕವಿದಾಗ, ಇಲ್ಲವೆ ಮರಗಳ ಕೆಳಗೆ ಸಣ್ಣ ಬೆಂಕಿ ಹರಿದಾಗ ಆಕಾಶದ ಕಣ್ಣಿಗೆ ಅದು ತಪ್ಪಿಹೋಗಬಹುದು.

ಇದು ಬೆಟ್ಟದವರ ಚಿಂತೆ, ಬಯಲಿನವರಿಗೇನು ಎನ್ನುವಂತಿಲ್ಲ. ಕಡೂರು ಸೀಮೆಯ ಬಾಳಿಗೆ ಆಧಾರವಾದ ವೇದಾವತಿಯ ಮೂಲಹೊಳೆಗಳು ಹುಟ್ಟುವುದು ಬಾಬಾಬುಡನ್ ಗಿರಿಯ ಪೂರ್ವದ ಮಗ್ಗುಲಲ್ಲಿ. ತರಗೆಲೆಯ ಹೊದಿಕೆ ಸುಟ್ಟುಹೋದ ಇಳಿಜಾರಿನ ಮೇಲೆ ಮೊದಲ ಬಿರುಮಳೆ ಬಿದ್ದರೆ, ನೆಲದೊಳಗೆ ಇಂಗಬೇಕಾದ ನೀರು ಮಣ್ಣನ್ನು ಹೊತ್ತುಕೊಂಡು ಕೆಳಗೋಡುತ್ತದೆ. ಬೆಟ್ಟದ ಮೇಲಣ ಬೂದಿ ಬಯಲಿನ ಕೆರೆಗಳಲ್ಲಿ ಹೂಳಾಗಿ ಕೂರುತ್ತದೆ.

ಹಿರೇನಲ್ಲೂರು, ಸಖರಾಯಪಟ್ಟಣ, ಲಿಂಗದಹಳ್ಳಿಗಳ ಶಾಲೆಗಳ ವಿದ್ಯಾರ್ಥಿಗಳು ಹತ್ತಿರದ ಒಂದು ಗುಡ್ಡವನ್ನು ಆರಿಸಿಕೊಂಡು, ಅದು ಯಾವ ವರ್ಷ, ಯಾವ ತಿಂಗಳು, ಯಾವ ಮಗ್ಗುಲಿನಲ್ಲಿ ಉರಿಯಿತೆಂದು ಒಂದು ಪುಸ್ತಕದಲ್ಲಿ ಬರೆದಿಡಲಿ. ಮಳೆಗಾಲ ಕಳೆದ ಮೇಲೆ ಕಾಡಿನ ಅಂಚಿನಲ್ಲಿ ಗೊತ್ತಾದ ಒಂದು ಚೌಕದೊಳಗೆ ಆಳೆತ್ತರ ಮೀರಿದ ಎಳೆಯ ಗಿಡಗಳೆಷ್ಟೆಂದು ಎಣಿಸಲಿ. ಒಂದು ವರ್ಷದ ಬರೆಹಕ್ಕೆ ಬೆಲೆ ಅಲ್ಪ. ಆದರೆ ಒಂದು ತರಗತಿಯವರು ಇನ್ನೊಂದು ತರಗತಿಯವರಿಗೆ ಆ ಪುಸ್ತಕವನ್ನು ಒಪ್ಪಿಸುತ್ತ ಇಪ್ಪತ್ತು ವರ್ಷ ನಡೆಸಿದರೆ, ಆ ಗುಡ್ಡದ ಬೆಂಕಿ ಎಷ್ಟು ವರ್ಷಕ್ಕೊಮ್ಮೆ ಮರಳುತ್ತದೆ, ಅಲ್ಲಿನ ಸಸಿಗೆ ಮರವಾಗುವಷ್ಟು ಬಿಡುವು ಸಿಗುತ್ತಿದೆಯೇ ಎಂಬುದಕ್ಕೆ ಯಾವ ಗಣಕಯಂತ್ರವೂ ತಾನಾಗಿ ಕೊಡಲಾರದ ಉತ್ತರ ಅದರಲ್ಲಿ ಇರುತ್ತದೆ.